ಹೊಸ ಮ್ಯಾಪ್ ಕೇಳೋದು ಸುಲಭ, ನೂರು ಮಂದಿ ಕೂಡಿಸೋದು ಕಷ್ಟ

ಭಾನುವಾರ ರಾತ್ರಿ ಒಂಬತ್ತೂವರೆ ಆಯಿತೆಂದರೆ ಪುಣೆಯ ವಾಕಡ್‌ನ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ಒಳಗೆ ನಾಲ್ವರು ಹುಡುಗರು. ಇಬ್ಬರು ವಿಜಯಪುರ ಜಿಲ್ಲೆಯವರು, ಒಬ್ಬ ಬಾದಾಮಿ ಕಡೆಯವನು, ಇನ್ನೊಬ್ಬ ಕುಂದಾಪುರದವನು. ನಾಲ್ವರಿಗೂ ಹಿಂಜವಡಿಯಲ್ಲಿ ಕೆಲಸ. ನಾಲ್ಕು ಫೋನು, ಎರಡು ಚಾರ್ಜರು, ಒಂದು ಸ್ಕ್ವಾಡ್, ಅಂದರೆ ಬಿಜಿಎಂಐ ಎಂಬ ಫೋನಿನ ಗುಂಡಿನ ಆಟದಲ್ಲಿ ಒಟ್ಟಿಗೆ ಇಳಿಯುವ ತಂಡ. ನಾನು ವಯಸ್ಸಿನಲ್ಲಿ ಅವರಿಗಿಂತ ಹದಿನೈದು ವರ್ಷ ದೊಡ್ಡವನು, ಆಟದಲ್ಲಿ ಅದಕ್ಕಿಂತ ಹೆಚ್ಚು ಚಿಕ್ಕವನು. ಹೋಗಿ ಚಹಾ ಕುಡಿದು, ಜಗಳ ನೋಡಿ ಬರುತ್ತೇನೆ.

ಜಗಳ ಯಾವಾಗಲೂ ಒಂದೇ: ಮುಂದಿನ ಅಪ್‌ಡೇಟಿನಲ್ಲಿ ಏನು ಬರಬೇಕು?

"ಹೊಸಾ ಮ್ಯಾಪ್ ಕೊಡ್ರಿ ಅಂದ್ರ ಹೊಸಾ ಅರಬಿ ಕೊಡ್ತಾರ್ರೀ ಅಣ್ಣಾ" ಎನ್ನುತ್ತಾನೆ ಬಾದಾಮಿಯವನು. ಮ್ಯಾಪ್ ಎಂದರೆ ಆಟ ನಡೆಯುವ ನೆಲ. ಅರಬಿ ಎಂದರೆ ಬಟ್ಟೆ, ಇಲ್ಲಿ ಸ್ಕಿನ್, ಪಾತ್ರಕ್ಕೋ ಬಂದೂಕಿಗೋ ತೊಡಿಸುವ ಹೊಸ ವೇಷ. "ಮೊದ್ಲ್ ಲ್ಯಾಗ್ ಸರಿ ಮಾಡ್ಲಿ ಮಾರ್ರೆ, ಮ್ಯಾಪ್ ಕಡೀಗ್ ಕಾಂಬ" ಎಂದು ಕುಂದಾಪುರದವನು. ಲ್ಯಾಗ್ ಎಂದರೆ ಆಟ ತಡವರಿಸುವುದು. ವಿಜಯಪುರದ ಒಬ್ಬನಿಗೆ ಮನುಷ್ಯರ ಬದಲು ಕಂಪ್ಯೂಟರೇ ಆಡಿಸುವ ಬಾಟ್‌ಗಳನ್ನು ಕಂಡರೆ ಮೈ ಉರಿಯುತ್ತದೆ, ಅವನ್ನೆಲ್ಲ ತೆಗೆಯಬೇಕು. ಇನ್ನೊಬ್ಬ ಸಂಬಳ ಬಂದ ವಾರ ದುಡ್ಡು ಕೊಟ್ಟು ಕ್ರೇಟ್ (ಒಳಗೆ ಯಾವ ಸ್ಕಿನ್ ಇದೆಯೆಂದು ಮೊದಲೇ ಗೊತ್ತಿಲ್ಲದ ಪೆಟ್ಟಿಗೆ) ತೆರೆಯುವವನು. ಅವನ ವಾದ ಚುಟುಕು: "ಅರಬಿ ಮಾರ್ಲಿಲ್ಲಂದ್ರ ಆಟ ನಡ್ಸಾಕ ರೊಕ್ಕ ಎಲ್ಲಿಂದ ಬರ್ತೈತಿ?"

ಈ ನಾಲ್ಕು ಬೇಡಿಕೆಗಳೂ ನ್ಯಾಯವಾದವು, ಆದರೆ ಒಟ್ಟಿಗೆ ಈಡೇರುವಂಥವಲ್ಲ. ಕಂಪನಿಗಳು ದುರಾಸೆಯವು ಎಂಬ ಮಾತಿನಲ್ಲಿ ಸುಳ್ಳೇನಿಲ್ಲ, ಆದರೆ ಇದಕ್ಕೆ ಅದಷ್ಟೇ ಕಾರಣವಲ್ಲ. ಇದರ ಹಿಂದೆ ಒಂದು ಸಾದಾ ಗುಣಾಕಾರ ಇದೆ. ಅದಕ್ಕೆ ಬರುವ ಮುಂಚೆ, ಈ ನಿರೀಕ್ಷೆಗಳು ಹುಟ್ಟಿದ್ದು ಹೇಗೆ ಎಂಬುದನ್ನು ನೋಡಬೇಕು. ಯಾಕೆಂದರೆ ನಮ್ಮ ದೇಶದಲ್ಲಿ ಆ ಕತೆ ಬೇರೆ ಕಡೆಯಂತಿಲ್ಲ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್‌ಜಿ ಮೊಬೈಲ್ ಅದರಲ್ಲಿ ಒಂದು. ಮರುವರ್ಷ ಜುಲೈ 2ಕ್ಕೆ ಅದೇ ಆಟ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯ ಹೆಸರಿನಲ್ಲಿ ಬಿಜಿಎಂಐ ಆಗಿ ಬಂತು. ರಕ್ತ ಹಸಿರಾಯಿತು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಬಿತ್ತು, ದಿನದ ಖರ್ಚಿಗೆ 7,000 ರೂಪಾಯಿಯ ಗೆರೆ ಎಳೆದರು. 2022ರ ಜುಲೈ 28ಕ್ಕೆ ಅದೂ ಆ್ಯಪ್ ಅಂಗಡಿಗಳಿಂದ ಮಾಯ. 2023ರ ಮೇ ಕೊನೆಗೆ ಮೂರು ತಿಂಗಳ ಪ್ರಾಯೋಗಿಕ ಒಪ್ಪಿಗೆಯ ಮೇಲೆ ವಾಪಸ್. ಈ ನಡುವೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಎಂಬ ಇಂಥದೇ ಇನ್ನೊಂದು ಆಟ ನಿಷೇಧವಾಯಿತು. ಅದರ ಭಾರತದ ಆವೃತ್ತಿ 2023ರ ಸೆಪ್ಟೆಂಬರ್ 5ಕ್ಕೆ ಬರುತ್ತದೆಂದು ಧೋನಿಯನ್ನು ಮುಂದಿಟ್ಟುಕೊಂಡು ಘೋಷಿಸಿದರು, ಆ ದಿನ ಹತ್ತಿರ ಬಂದಾಗ ಮುಂದೂಡಿದರು.

ಹೀಗೆ ಮೂರು ವರ್ಷ ಇಲ್ಲಿನ ಆಟಗಾರನ ಚಿಂತೆ ಹೊಸ ಬಂದೂಕು ಯಾವುದು ಎಂಬುದಾಗಿರಲಿಲ್ಲ. ನಾಳೆ ಬೆಳಿಗ್ಗೆ ಆಟ ಇರುತ್ತದೋ ಇಲ್ಲವೋ ಎಂಬುದಾಗಿತ್ತು. ರ‍್ಯಾಂಕ್ ಹೋಗುತ್ತದೋ, ದುಡ್ಡು ಕೊಟ್ಟು ತೆಗೆದುಕೊಂಡ ಸ್ಕಿನ್ ಉಳಿಯುತ್ತದೋ? ಇಂಥ ಭಯದಲ್ಲಿ ಬೆಳೆದವರು ಪ್ರತಿ ಅಪ್‌ಡೇಟನ್ನೂ ಆಟ ಇನ್ನೂ ಬದುಕಿದೆ ಎಂಬುದಕ್ಕೆ ಪುರಾವೆಯಂತೆ ನೋಡುತ್ತಾರೆ. ಅಪ್‌ಡೇಟ್ ಒಂದು ವಾರ ತಡವಾದರೆ ಸಾಕು, "ಮತ್ತ ಬ್ಯಾನ್ ಆತೇನು?" ಎಂಬ ಮಾತು ಹುಟ್ಟುತ್ತದೆ. ಅಮೆರಿಕದ ಆಟಗಾರನಿಗೆ ಈ ದಿಗಿಲು ಅರ್ಥವಾಗಲಿಕ್ಕಿಲ್ಲ.

ನಿರೀಕ್ಷೆಯ ಎರಡನೆಯ ಬೇರು ಪುಣೆಯಲ್ಲೇ ಇದೆ. ಊರಿಗೆ ಫೋನ್ ಮಾಡಿದಾಗ ಪುಣೆ ಎಂದರೆ ಕಾರ್ ಕಾರ್ಖಾನೆ, ಐಟಿ, ಕಾಲೇಜು ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಇದು ವಿಡಿಯೊ ಗೇಮ್ ತಯಾರಾಗುವ ಊರೂ ಹೌದು. ಯೂಬಿಸಾಫ್ಟ್ 2008ರಿಂದ ಇಲ್ಲಿ ಸ್ಟುಡಿಯೊ ನಡೆಸುತ್ತಿದೆ. ರಿಯಲ್ ಕ್ರಿಕೆಟ್ ಮಾಡಿದ ನಾಟಿಲಸ್ ಮೊಬೈಲ್ ಇಲ್ಲಿಯದು, 2025ರಲ್ಲಿ ಅದರ ಹಿಡಿತ ಇದೇ ಕ್ರಾಫ್ಟನ್ ಕೈಗೆ ಹೋಯಿತು. ಇಂಡಸ್ ಎಂಬ ಬ್ಯಾಟಲ್ ರಾಯಲ್ (ಎಲ್ಲರೂ ಒಂದೇ ನೆಲದಲ್ಲಿ ಇಳಿದು, ಕೊನೆಗೆ ಉಳಿದವನು ಗೆಲ್ಲುವ ಬಗೆಯ ಆಟ) ಮಾಡಿದ ಸೂಪರ್‌ಗೇಮಿಂಗ್ ಕೂಡ ಪುಣೆಯದೇ. ನಮ್ಮ ಹುಡುಗರಿಗೆ ಇದೊಂದು ಬಗೆಯ ಹೆಮ್ಮೆ. ಊರು ಬಿಟ್ಟು ಬಂದ ಊರಿನಲ್ಲೇ ತಾವು ಆಡುವಂಥ ಆಟ ತಯಾರಾಗುತ್ತದಲ್ಲ ಎಂದು.

ಇಂಡಸ್ ಬಗ್ಗೆ ಜನ ಮಾತಾಡಲು ಶುರುಮಾಡಿದ್ದು 2022ರಲ್ಲಿ. ಭವಿಷ್ಯದ ಭಾರತ, ವಿರ್ಲೋಕ್ ಎಂಬ ನೆಲ, ಸರ್-ತಾಜ್, ಮೋರ್-ನಿ, ಬಿಗ್-ಗಜ್ ಎಂಬ ಪಾತ್ರಗಳು. ಕೊನೆಗೆ ಉಳಿದವನೇ ಗೆಲ್ಲಬೇಕೆಂದಿಲ್ಲ, ಕಾಸ್ಮಿಯಂ ಎಂಬ ವಸ್ತುವನ್ನು ವಶಪಡಿಸಿಕೊಂಡರೂ ಗೆಲುವು ಎಂಬ ಹೊಸ ನಿಯಮ. ಪ್ರೀ-ರಿಜಿಸ್ಟ್ರೇಷನ್ ಒಂದು ಕೋಟಿ ದಾಟಿತು. ಬಿಜಿಎಂಐ ಇಲ್ಲದ ಆ ಹತ್ತು ತಿಂಗಳು, ಅಂದರೆ 2022ರ ಜುಲೈನಿಂದ 2023ರ ಮೇ ತನಕ, ಮೈದಾನದಲ್ಲಿ ಒಂದು ದೊಡ್ಡ ಜಾಗ ಖಾಲಿ ಬಿದ್ದಿತ್ತು. ಇಂಡಸ್ ಎಲ್ಲರಿಗೂ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ಅಷ್ಟರಲ್ಲಿ ಬಿಜಿಎಂಐ ಮರಳಿ ಒಂದೂವರೆ ವರ್ಷವಾಗುತ್ತ ಬಂದಿತ್ತು, ಜನ ತಮ್ಮ ಹಳೆಯ ಸ್ಕ್ವಾಡ್‌ಗೆ ಸೇರಿಕೊಂಡಿದ್ದರು. ಇದನ್ನು ಸ್ಟುಡಿಯೊದ ತಪ್ಪೆಂದು ನಾನು ಹೇಳುವುದಿಲ್ಲ. ಅರೆಬೆಂದ ಆಟವನ್ನು ಬಡಿಸಿದ್ದರೆ ಬೈಗುಳ ಬೇರೆ ಥರದ್ದಾಗುತ್ತಿತ್ತು. ಆದರೆ ಎರಡು ವರ್ಷ ಕಾದವನು ಬಾಗಿಲು ತೆರೆದಾಗ ಮೊದಲ ದಿನವೇ ಎರಡು ವರ್ಷದ ಸರಕು ಕೇಳುತ್ತಾನೆ. ಎದುರಿಗಿನ ಆಟದಲ್ಲಿ ಏಳೆಂಟು ಮ್ಯಾಪ್ ಇದ್ದರೆ ಇಲ್ಲಿ ಯಾಕಿಲ್ಲ ಎನ್ನುತ್ತಾನೆ. ಎದುರಿನದು ಬಹಳ ವರ್ಷಗಳಿಂದ ಬೆಳೆದ ಆಟ ಎಂಬುದು ಅವನ ಲೆಕ್ಕದಲ್ಲಿಲ್ಲ. ಇರಬೇಕಾಗಿಯೂ ಇಲ್ಲ, ಎರಡೂ ಅವನಿಗೆ ಬಿಟ್ಟಿಯೇ ತಾನೆ.

ಈಗ ಗುಣಾಕಾರ.

ಒಂದು ಬ್ಯಾಟಲ್ ರಾಯಲ್ ಆಟಕ್ಕೆ ನೂರು ಮಂದಿ ಬೇಕೆಂದಿಟ್ಟುಕೊಳ್ಳಿ, ಬಿಜಿಎಂಐನ ಎರಾಂಗೆಲ್ ಎಂಬ ಮ್ಯಾಪಿನಲ್ಲಿ ಅಷ್ಟೇ. ಸ್ಟಾರ್ಟ್ ಒತ್ತಿದ ಮೇಲೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಲು ಯಾರೂ ತಯಾರಿಲ್ಲ. ಹಾಗಾದರೆ ಆಟಕ್ಕೆ ಕಾಯುವ ಆ ಒಂದು ಸಾಲಿಗೆ ನಿಮಿಷಕ್ಕೆ ಇನ್ನೂರು ಜನ ಬಂದು ನಿಲ್ಲುತ್ತಿರಬೇಕು. ಆದರೆ ಸಾಲು ಒಂದೇ ಇಲ್ಲ. ಎರಡು ಮ್ಯಾಪ್ ಇವೆ ಎನ್ನೋಣ. ಒಬ್ಬನೇ, ಇಬ್ಬರು, ನಾಲ್ವರು ಆಡುವ ಸೋಲೊ, ಡ್ಯುಯೊ, ಸ್ಕ್ವಾಡ್ ಎಂದು ಮೂರು ಬಗೆ. ಪಾತ್ರದ ಹಿಂದಿನಿಂದ ನೋಡುವ ಟಿಪಿಪಿ, ಪಾತ್ರದ ಕಣ್ಣಿನಿಂದಲೇ ನೋಡುವ ಎಫ್‌ಪಿಪಿ ಎಂದು ಎರಡು. ಹೊಸಬನನ್ನು ಹಳೇ ಹುಲಿಯ ಎದುರು ಬಿಡಬಾರದೆಂದು ರ‍್ಯಾಂಕಿನ ಐದು ಗುಂಪು. ಗುಣಿಸಿದರೆ ಅರವತ್ತು ಸಾಲು. ಪ್ರತಿಯೊಂದಕ್ಕೂ ನಿಮಿಷಕ್ಕೆ 200 ಎಂದರೆ 12,000 ಜನ. ಒಂದು ಆಟ ಸುಮಾರು ಇಪ್ಪತ್ತು ನಿಮಿಷ ಹಿಡಿದರೆ ಯಾವುದೇ ಕ್ಷಣದಲ್ಲಿ 2,40,000 ಮಂದಿ ಆಟದೊಳಗೆ ಇರಬೇಕು. (ಮೊದಲ ಎರಡು ನಿಮಿಷದಲ್ಲೇ ಸತ್ತು ವಾಪಸ್ ಬರುವ ನನ್ನಂಥವರಿಂದ ಈ ಲೆಕ್ಕ ಸ್ವಲ್ಪ ಹಗುರಾಗುತ್ತದೆ, ನನ್ನ ಕೊಡುಗೆ ಅಷ್ಟು.)

ಮೂರನೆಯ ಮ್ಯಾಪ್ ಬಂತು. ಸಾಲು ತೊಂಬತ್ತಾಯಿತು. ಅಷ್ಟೇ ಚುರುಕಾಗಿ ಆಟ ಸಿಗಬೇಕೆಂದರೆ ಈಗ 3,60,000 ಮಂದಿ ಬೇಕು.

ಬಿಜಿಎಂಐನಂಥ ಆಟಕ್ಕೆ ಇದು ಭಾರವಲ್ಲ. ಒಂದು ಚಿಕ್ಕ ಸ್ಟುಡಿಯೊದ ಆಟದಲ್ಲಿ ಒಂದು ರಾತ್ರಿ ಇಪ್ಪತ್ತು ಸಾವಿರ ಜನ ಒಟ್ಟಿಗೆ ಇದ್ದಾರೆ ಎಂದುಕೊಳ್ಳಿ. ಇಪ್ಪತ್ತು ಸಾವಿರವೆಂದರೆ ನಮ್ಮಲ್ಲಿ ದೊಡ್ಡ ಜಾತ್ರೆ. ಆದರೆ ನಿಮಿಷಕ್ಕೆ ಸ್ಟಾರ್ಟ್ ಒತ್ತುವವರು ಸಾವಿರ. ಅರವತ್ತು ಸಾಲಿಗೆ ಹಂಚಿದರೆ ಒಂದೊಂದಕ್ಕೆ ಹದಿನಾರು, ಹದಿನೇಳು. ನೂರು ತುಂಬಲು ಆರು ನಿಮಿಷ. ಮೂರನೆಯ ಮ್ಯಾಪ್ ಕೊಟ್ಟರೆ ಒಂಬತ್ತು ನಿಮಿಷ. ಒಂಬತ್ತು ನಿಮಿಷ ಪರದೆ ನೋಡುತ್ತ ಕೂರುವವನು ಯಾರು? ಆಟ ಬಿಡುತ್ತಾನೆ. ಅವನು ಬಿಟ್ಟಾಗ ಉಳಿದವರಿಗೆ ಹತ್ತು ನಿಮಿಷವಾಗುತ್ತದೆ. ಕೇಳಿ ಪಡೆದ ಹೊಸ ಮ್ಯಾಪೇ ಆಟವನ್ನು ಖಾಲಿ ಮಾಡುವುದು ಹೀಗೆ.

ಬಾದಾಮಿಯವನಿಗೆ ಇದನ್ನು ಹೇಳಿದ್ದು ಅವನ ಊರಿನ ಭಾಷೆಯಲ್ಲೇ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವಲ್ಲ. ಜನ ಚೆನ್ನಾಗಿ ಸೇರಿದರೆಂದು ಒಂದೇ ಕಂಪನಿ ಅದೇ ರಾತ್ರಿ ಎರಡು ಟೆಂಟಿನಲ್ಲಿ ಎರಡು ನಾಟಕ ಆಡುತ್ತದೆಯೆ? ಎರಡರಲ್ಲೂ ಅರ್ಧ ಕುರ್ಚಿ ಖಾಲಿ. ಅದೇ ನಾಟಕಕ್ಕೆ ಹೊಸದೊಂದು ಹಾಸ್ಯ ದೃಶ್ಯ ಸೇರಿಸುತ್ತಾರೆ, ನಟಿಗೆ ಹೊಸ ಸೀರೆ ಉಡಿಸುತ್ತಾರೆ, ಟೆಂಟ್ ಒಂದೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹೌದ್ರೀ, ಆದ್ರ ವರ್ಷಾನುಗಟ್ಲೆ ಅದ ನಾಟಕ ಯಾರ್ ನೋಡ್ತಾರ?" ಎಂದ. ಅದೂ ಸರಿಯೇ.

ಈ ಗುಣಾಕಾರ ಒಂದು ಸಲ ತಲೆಗೆ ಹತ್ತಿದರೆ ಹೊಸ ಕಂಟೆಂಟ್ ಎಂಬುದು ಎರಡು ಜಾತಿಯದು ಎಂದು ಕಾಣುತ್ತದೆ. ಒಂದು, ಸಾಲನ್ನು ಒಡೆಯುವಂಥದ್ದು: ಮ್ಯಾಪ್, ಮೋಡ್, ಬೇರೆ ಸರ್ವರ್, ಅದೇ ಭಾಷೆಯವರೊಂದಿಗೆ ಮಾತ್ರ ಆಡುವ ಆಯ್ಕೆ. ಇನ್ನೊಂದು, ಒಡೆಯದಿರುವಂಥದ್ದು: ಹಳೆಯ ಮ್ಯಾಪಿಗೇ ಹೊಸ ಹವಾಮಾನ, ಹೊಸ ಬಂದೂಕು, ಧ್ವನಿ, ಕುಣಿತ, ಬಟ್ಟೆ. ಸ್ಟುಡಿಯೊಗಳಿಗೆ ಬಟ್ಟೆಯ ಮೇಲೆ ಇಷ್ಟು ಪ್ರೀತಿ ಯಾಕೆಂದರೆ ಅದು ದುಡ್ಡು ತರುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಬಟ್ಟೆಯಿಂದ ಸಾಲು ಒಡೆಯುವುದಿಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ. ಬಂದೂಕು ಕೂಡ ಸಾಲು ಒಡೆಯುವುದಿಲ್ಲ, ಆದರೆ ಸಮತೋಲ ಕೆಡಿಸುತ್ತದೆ. ಹೊಸದು ಜೋರಿದ್ದರೆ ಹಳೆಯದನ್ನು ಕಲಿತವರು ಸಿಟ್ಟಾಗುತ್ತಾರೆ, ಮೆತ್ತಗಿದ್ದರೆ ಯಾರೂ ಮುಟ್ಟುವುದಿಲ್ಲ. ಅಂಗಿಯ ವಿಷಯದಲ್ಲಿ ಆ ತಲೆನೋವೂ ಇಲ್ಲ.

ಚಿಕ್ಕ ಮ್ಯಾಪ್‌ಗಳ ಜಾಣತನವೂ ಇಲ್ಲೇ ಇದೆ. 2020ರಲ್ಲಿ ಬಂದ ಲಿವಿಕ್ ಎರಡು ಕಿಲೋಮೀಟರ್ ಉದ್ದ, ಎರಡು ಅಗಲ, 52 ಜನಕ್ಕೆ ಆಟ ಶುರು. ಎರಾಂಗೆಲ್ ಎಂಟು-ಎಂಟು ಕಿಲೋಮೀಟರ್, ನೂರು ಜನ. ಲಿವಿಕ್ ಬೇಗ ಮುಗಿಯುವುದರಿಂದ ಅದೇ ಆಟಗಾರ ಗಂಟೆಗೆ ಹೆಚ್ಚು ಸಲ ಸಾಲಿಗೆ ಬರುತ್ತಾನೆ. ಊಟದ ಬಿಡುವಿನಲ್ಲಿ ಆಡುವವರಿಗೆ ಮಾಡಿದ್ದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಸಾಲನ್ನು ಬೇಗ ತುಂಬಿಸುವ ಉಪಾಯವಾಗಿಯೂ ಕಾಣುತ್ತದೆ.

ಸಾಲು ತುಂಬದಿದ್ದಾಗ ಖಾಲಿ ಕುರ್ಚಿಯಲ್ಲಿ ಕೂರುವವನೇ ಬಾಟ್. ಬಾಟ್ ಬೇಡ ಎನ್ನುವ ವಿಜಯಪುರದ ಗೆಳೆಯ ಹೊಸ ಮ್ಯಾಪನ್ನೂ ಕೇಳುತ್ತಾನೆ. ಎರಡನೆಯದು ಬಂದಷ್ಟೂ ಮೊದಲನೆಯದು ಹೆಚ್ಚುತ್ತದೆ. ಕುಂದಾಪುರದವನ ಲ್ಯಾಗ್ ಕೂಡ ಇದೇ ಬಳ್ಳಿಯ ಕಾಯಿ. ಸರ್ವರ್ ಮುಂಬೈಯಲ್ಲಿದ್ದರೆ ಪುಣೆಯಿಂದ ಪಿಂಗ್ (ಸರ್ವರ್‌ಗೆ ಸಂಕೇತ ಹೋಗಿಬರುವ ಹೊತ್ತು) ಚೆನ್ನಾಗಿ ಬರುತ್ತದೆ. ಹತ್ತಿರದವರನ್ನು ಹತ್ತಿರದವರೊಂದಿಗೇ ಜೋಡಿಸಿ ಎಂದು ಕೇಳಿದರೆ ಸಾಲು ಮತ್ತೆ ಒಡೆಯಿತು. ಕಾಯುವ ಹೊತ್ತು ಕಡಿಮೆ ಮಾಡಲು ದೂರದವರನ್ನು ಸೇರಿಸಿದರೆ ಯಾರೋ ಒಬ್ಬನ ಪಿಂಗ್ ಕೆಡುತ್ತದೆ. ಸಾಮಾನ್ಯವಾಗಿ ಆ ಒಬ್ಬ ಹಳ್ಳಿಯ ಟವರಿನ ಕೆಳಗೆ ಕೂತವನೇ ಆಗಿರುತ್ತಾನೆ.

ಈ ಎಲ್ಲದರ ನಡುವೆ ಕ್ರೇಟ್ ತೆರೆಯುವ ಗೆಳೆಯನ ಮಾತನ್ನು ತಳ್ಳಿಹಾಕುವಂತಿಲ್ಲ. ಬಿಟ್ಟಿ ಆಟಗಳಲ್ಲಿ ದುಡ್ಡು ಕೊಡುವವರು ಕೆಲವರು, ಆಡುವವರು ಬಹಳ. ಮುಂದೆ ಏನು ಬರಬೇಕೆಂಬ ನಿರ್ಧಾರ ಕೊಡುವವರ ಕಡೆಗೇ ವಾಲುತ್ತದೆ. ಹಾಗೆಂದು ಬಿಟ್ಟಿ ಆಡುವವನು ಹೊರೆಯಲ್ಲ. ಮದುವೆ ಮನೆಯಲ್ಲಿ ಜನವೇ ಇಲ್ಲದಿದ್ದರೆ ಇಳಕಲ್ ಸೀರೆ ಉಟ್ಟು ಬಂದವಳು ಯಾರಿಗೆ ತೋರಿಸಬೇಕು? ಹಿಮದ ಬಣ್ಣದ ಬಂದೂಕಿಗೆ ಬೆಲೆ ಬರುವುದು ಅದಿಲ್ಲದ ತೊಂಬತ್ತು ಮಂದಿ ಸುತ್ತ ಇದ್ದಾಗ. ಕೊಡುವವನು ಕೊಳ್ಳುವುದು ಆ ತೊಂಬತ್ತು ಮಂದಿಯ ಕಣ್ಣನ್ನೂ ಸೇರಿಸಿ. ಹೀಗಾಗಿ ಬಿಟ್ಟಿ ಆಡುವವರಿಗೆ ಬೇಕಾದ ಮ್ಯಾಪನ್ನೋ ಲ್ಯಾಗ್ ದುರಸ್ತಿಯನ್ನೋ ಪೂರಾ ಮರೆತು ಬರೇ ಅರಬಿ ಕೊಡುತ್ತ ಹೋದರೆ ಅರಬಿಯ ಬೆಲೆಯೂ ಇಳಿಯುತ್ತದೆ. ದೊಡ್ಡ ಕಂಪನಿಗಳಿಗೆ ಇದು ತಿಳಿದಿಲ್ಲವೆಂದಲ್ಲ, ತಿಳಿದೂ ತಿಳಿದೂ ಮುಂದೂಡುತ್ತವೆ ಎಂದು ನನ್ನ ಗುಮಾನಿ.

ಕ್ರೇಟ್ ಜೂಜಲ್ಲವೆ ಎಂಬ ಪ್ರಶ್ನೆಯೂ ಆಗಾಗ ಏಳುತ್ತದೆ. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಕಣ್ಣಿರುವುದು ದುಡ್ಡು ಹಾಕಿ ದುಡ್ಡು ಗೆಲ್ಲುವ ಆಟಗಳ ಮೇಲೆ. ಇ-ಸ್ಪೋರ್ಟ್ಸನ್ನು ಅದು ಬೇರೆಯಾಗಿ ಗುರುತಿಸುತ್ತದೆ. ಕ್ರೇಟಿನಿಂದ ಬರುವುದು ಬಟ್ಟೆ. ಅದನ್ನು ಮಾರಿ ದುಡ್ಡು ಮಾಡಿಕೊಳ್ಳಲು ಆಟದೊಳಗೆ ದಾರಿಯಿಲ್ಲ. ಇದೇ ದೊಡ್ಡ ಚರ್ಚೆ, ಇನ್ನೊಂದು ದಿನಕ್ಕಿರಲಿ.

ಅಪ್‌ಡೇಟಿನ ಲಯದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಬಿಜಿಎಂಐನಲ್ಲಿ ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ದೊಡ್ಡ ಅಪ್‌ಡೇಟ್ ಬರುತ್ತದೆ. ಜಾಗತಿಕ ಆವೃತ್ತಿಗೆ ತಯಾರಾದದ್ದೇ ಬಹುಮಟ್ಟಿಗೆ ಇಲ್ಲಿಗೂ ಬರುವುದರಿಂದ, ಅಲ್ಲಿನ ಬೀಟಾ (ಪರೀಕ್ಷೆಗೆಂದು ಮೊದಲೇ ಬಿಡುವ ಆವೃತ್ತಿ) ನೋಡಿದವರಿಗೆ ಇಲ್ಲಿ ಮುಂದೇನು ಎಂಬುದು ಮೊದಲೇ ಗೊತ್ತಿರುತ್ತದೆ. ಲೀಕ್ ವಿಡಿಯೊಗಳ ವ್ಯಾಪಾರ ನಡೆಯುವುದು ಇದರ ಮೇಲೆ. ಅಲ್ಲಿ ಕಂಡದ್ದು ಇಲ್ಲಿ ಬರದಿದ್ದರೆ ಮೋಸ ಹೋದಂತೆ ಅನ್ನಿಸುತ್ತದೆ, ಕಂಪನಿ ಯಾವತ್ತೂ ಕೊಡುತ್ತೇನೆ ಎನ್ನದಿದ್ದರೂ. ಈ ಎರಡು ತಿಂಗಳ ಲಯಕ್ಕೆ ಒಗ್ಗಿದ ಕೈ ಬೇರೆ ಆಟದಲ್ಲೂ ಅದನ್ನೇ ಹುಡುಕುತ್ತದೆ. ಅದನ್ನು ಹಿಡಿಯಲು ದೊಡ್ಡವರೂ ಸೋತಿದ್ದಾರೆ. ಅಪೆಕ್ಸ್ ಲೆಜೆಂಡ್ಸ್ ಮೊಬೈಲ್ 2022ರ ಮೇ ತಿಂಗಳಲ್ಲಿ ಬಂತು, ಆ ವರ್ಷ ಆ್ಯಪಲ್‌ನಿಂದ ವರ್ಷದ ಐಫೋನ್ ಆಟ ಎನ್ನಿಸಿಕೊಂಡಿತು, 2023ರ ಮೇ 1ಕ್ಕೆ ಮುಚ್ಚಿತು. ಹೊಸ ಕಂಟೆಂಟಿನ ಗುಣಮಟ್ಟ, ಪ್ರಮಾಣ, ವೇಗ ತಾವು ಬಯಸಿದ ಮಟ್ಟಕ್ಕೆ ನಿಲ್ಲುತ್ತಿಲ್ಲ ಎಂಬುದೇ ಅದನ್ನು ಹೊರತಂದ ಇಎ ಕಂಪನಿ ಕೊಟ್ಟ ಕಾರಣ. ಇಎಯಂಥ ಕಂಪನಿಯೇ ಹೀಗೆ ಹೇಳಿ ಕೈತೊಳೆದುಕೊಂಡ ಮೇಲೆ ಪುಣೆಯ ಸ್ಟುಡಿಯೊ ಅದೇ ಓಟಕ್ಕೆ ಬೀಳಬೇಕೆಂದು ನಾನಂತೂ ಹೇಳಲಾರೆ.

ಇನ್ನೊಂದು ವಿಚಿತ್ರ. ಹೊಸದು ಬೇಕು ಎಂದು ಕೂಗುವ ಅದೇ ಜನ ಹಳೆಯದಕ್ಕೆ ಮುಗಿಬೀಳುತ್ತಾರೆ. ಫೋರ್ಟ್‌ನೈಟ್ 2023ರ ನವೆಂಬರ್‌ನಲ್ಲಿ ತನ್ನ ಮೊದಲ ದಿನಗಳ ಮ್ಯಾಪನ್ನು ವಾಪಸ್ ತಂದಾಗ ಒಂದೇ ದಿನ 4.47 ಕೋಟಿ ಜನ ಆಡಿದರು. ಅಲ್ಲಿಯ ತನಕ ಆ ಆಟಕ್ಕೆ ಅದೇ ದಾಖಲೆಯ ದಿನ. ಡೆಸ್ಟಿನಿ 2 ಎಂಬ ಆಟ ಇದಕ್ಕೆ ತಿರುಗುಮುರುಗು. 2020ರ ನವೆಂಬರ್‌ನಲ್ಲಿ ಹೊಸದಕ್ಕೆ ಜಾಗ ಮಾಡಲು ಹಳೆಯ ಕಥಾಭಾಗಗಳನ್ನೂ ತಾಣಗಳನ್ನೂ ಎತ್ತಿಟ್ಟಿತು, ದುಡ್ಡು ಕೊಟ್ಟು ಕೊಂಡವರ ಕೈಗೂ ಅವು ಸಿಗದಾದವು. ಆ ಸಿಟ್ಟು ಇನ್ನೂ ಆರಿಲ್ಲ. ನಮ್ಮ ರೂಮಿನಲ್ಲೂ ಅದೇ ನಡೆಯುತ್ತದೆ. ಹೊಸ ಮೋಡ್ ಬಂದ ಮೊದಲ ವಾರ ಅದರಲ್ಲೇ ಬಿದ್ದಿರುತ್ತಾರೆ, ಮೂರನೇ ವಾರ ಎಲ್ಲರೂ ಎರಾಂಗೆಲ್‌ನ ಪೋಚಿಂಕಿ ಎಂಬ ಊರಿಗೆ ಇಳಿಯುತ್ತಿರುತ್ತಾರೆ. ಯಾವ ಮನೆಯ ಯಾವ ಕಿಟಕಿಯಿಂದ ಗುಂಡು ಬರಬಹುದೆಂದು ಬಲ್ಲ ಜಾಗದಲ್ಲಿ ಸಾಯುವುದರಲ್ಲೂ ಒಂದು ಸುಖವಿದೆ.

ನಮ್ಮವರು ನಿಜಕ್ಕೂ ಕೇಳಬೇಕಾದದ್ದು ಒಂದಿದೆ, ಯಾರೂ ಕೇಳುವುದಿಲ್ಲ: ಕನ್ನಡದ ಧ್ವನಿ. ಭಾರತೀಯ ಕಂಟೆಂಟ್ ಎಂದಾಗ ನವಿಲು, ಆನೆ, ತಾಜ್ ಬರುತ್ತವೆ, ಮಾತು ಮಾತ್ರ ಹೆಚ್ಚಾಗಿ ಹಿಂದಿ ಅಥವಾ ಇಂಗ್ಲಿಷು. ಅಪರಿಚಿತ ಸ್ಕ್ವಾಡಿನಲ್ಲಿ ಈ ಹುಡುಗರು ಪುಣೆಯ ಮರಾಠಿ ಬೆರೆಸಿದ ಹಿಂದಿಯಲ್ಲಿ ಕೂಗಾಡುತ್ತಾರೆ, ಸಿಟ್ಟು ನೆತ್ತಿಗೇರಿದಾಗ ಮಾತ್ರ ವಿಜಯಪುರ ಹೊರಬೀಳುತ್ತದೆ. ಕನ್ನಡದವರಿಗೇ ಬೇರೆ ಸಾಲು ಕೇಳಿದರೆ ಮೇಲಿನ ಗುಣಾಕಾರ ಅಡ್ಡ ಬರುತ್ತದೆ. ಆದರೆ 'ಎಡಗಡೆ ವೈರಿ', 'ಗುಂಡು ಖಾಲಿ', 'ಗಾಡಿ ತಗೊಂಬಾ' ಎಂಬ ಹತ್ತಿಪ್ಪತ್ತು ಮಾತುಗಳ ಧ್ವನಿ ಪ್ಯಾಕ್ ಯಾವ ಸಾಲನ್ನೂ ಒಡೆಯುವುದಿಲ್ಲ. ಕೇಳುವವನ ಫೋನಿನಲ್ಲಿ ಅವನ ಭಾಷೆಯಲ್ಲೇ ಕೇಳಿಸುವಂತೆಯೂ ಮಾಡಬಹುದು. ಮ್ಯಾಪ್ ಒಂದರ ಖರ್ಚಿನ ಮುಂದೆ ಇದು ಚಿಲ್ಲರೆ. ಪುಣೆಯ ಸ್ಟುಡಿಯೊ ಒಂದು ಮರಾಠಿಯಲ್ಲೂ ಕನ್ನಡದಲ್ಲೂ ಇದನ್ನು ಕೊಟ್ಟರೆ, ಕೊರಿಯಾದವರು ಎರಡು ತಿಂಗಳಿಗೊಮ್ಮೆ ಸುರಿಯುವ ಸರಕಿನಲ್ಲಿ ಸಿಗದದ್ದೊಂದು ಇಲ್ಲಿ ಸಿಕ್ಕಂತಾಗುತ್ತದೆ. ಇದನ್ನು ಹೇಳಿದಾಗ ನಾಲ್ವರೂ ನಕ್ಕರು. ಆಮೇಲೆ ಅರ್ಧ ಗಂಟೆ 'ಹೆಡ್‌ಶಾಟ್'ಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಚರ್ಚೆ ನಡೆಯಿತು. ಬಂದ ಉತ್ತರಗಳು ಅಚ್ಚು ಮಾಡುವಂಥವಲ್ಲ.

ಮ್ಯಾಪಿನ ಹಸಿವಿಗೂ ಒಂದು ಮಧ್ಯದ ದಾರಿ ಇದೆ. ಅದು ಸರದಿ. ಹತ್ತು ಮ್ಯಾಪ್ ಇದ್ದರೂ ಒಂದು ವಾರಕ್ಕೆ ಎರಡನ್ನೇ ತೆರೆದಿಟ್ಟು, ಮುಂದಿನ ವಾರ ಬೇರೆ ಎರಡು. ಸಾಲು ಅರವತ್ತೇ ಉಳಿಯುತ್ತದೆ, ಬೇಜಾರೂ ಕಡಿಮೆ. ಕಂಪ್ಯೂಟರಿನ ಆಟಗಳಲ್ಲಿ ಇದು ಹಳೆಯ ಪದ್ಧತಿ. ಫೋನಿನಲ್ಲಿ ಯಾಕೆ ಅಷ್ಟು ಸಲೀಸಲ್ಲ ಎಂದು ಆ ರಾತ್ರಿ ನನಗೆ ತಿಳಿಸಿದ್ದು ಬಾದಾಮಿಯವನೇ. ಅವನ ಫೋನು 64 ಜಿಬಿಯದು. ಅರ್ಧ ಜಾಗ ಆಫೀಸಿನ ಆ್ಯಪ್‌ಗಳಿಗೆ, ಊರಿನ ಮದುವೆಯ ವಿಡಿಯೊಗಳಿಗೆ. ಪ್ರತಿ ಮ್ಯಾಪನ್ನೂ ಬೇರೆಯಾಗಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು.

"ತಿಂಗಳದಾಗ ಒಂದ್ ವಾರ ಬರೋ ಮ್ಯಾಪಿನ ಸಲುವಾಗಿ ಅಕ್ಕನ ಮದವಿ ವಿಡಿಯೊ ತಗೀಲೇನ್ರಿ ಅಣ್ಣಾ?" ಎಂದ.

ಲೆಕ್ಕ ಹಾಕುವಾಗ ನಾನು ಅದನ್ನು ಹಿಡಿದೇ ಇರಲಿಲ್ಲ.